ಯೋಗದ ಬೇರು ಹುಡುಕುವವರಿಗೆ: ಎಲ್ಲಿಂದ ಓದಬೇಕು, ಹೇಗೆ ಕೂರಬೇಕು

ಆಸನ ಕಲಿತು ಒಂದೆರಡು ವರ್ಷ ಆದಮೇಲೆ ತುಂಬ ಜನರಿಗೆ ಒಂದು ಪ್ರಶ್ನೆ ಏಳುತ್ತದೆ. ಇದೆಲ್ಲ ಎಲ್ಲಿಂದ ಬಂತು? ತರಗತಿ ಶುರುವಾಗುವಾಗ 'ಸಹ ನಾವವತು' ಹೇಳುತ್ತೇವೆ. ಮುಗಿಯುವಾಗ ಓಂ ಹೇಳುತ್ತೇವೆ. ನಡುವೆ ಒಂದು ಗಂಟೆ ಬಗ್ಗುವುದು, ಏಳುವುದು, ತಿರುಗುವುದು. ಈ ಮೂರಕ್ಕೂ ಏನು ಸಂಬಂಧ ಅಂತ ಸಾಮಾನ್ಯವಾಗಿ ಯಾರೂ ಬಿಡಿಸಿ ಹೇಳುವುದಿಲ್ಲ.

ನನಗೂ ಹಾಗೇ ಆಗಿತ್ತು. ಸೀದಾ ಹೋಗಿ ಪತಂಜಲಿಯ ಯೋಗಸೂತ್ರ ತಂದು ಮೊದಲ ಪುಟದಿಂದ ಓದಲು ಕೂತೆ. ಹದಿನೇಳನೇ ಸೂತ್ರಕ್ಕೆ ಬರುವಷ್ಟರಲ್ಲಿ ವಿತರ್ಕ, ವಿಚಾರ, ಅಸ್ಮಿತೆ, ಸಂಪ್ರಜ್ಞಾತ ಅಂತ ಸಾಲುಸಾಲು ಪದ. ಒಂದೂ ತಲೆಗೆ ಹೋಗಲಿಲ್ಲ. ಪುಸ್ತಕ ಮುಚ್ಚಿಟ್ಟವನು ಎಷ್ಟೋ ತಿಂಗಳು ಅದನ್ನು ಮುಟ್ಟಲಿಲ್ಲ. ಹೊಕ್ಕ ಬಾಗಿಲು ತಪ್ಪಾಗಿತ್ತು ಅಂತ ಆಮೇಲೆ ಗೊತ್ತಾಯಿತು. ಅದಕ್ಕೇ ಯಾವುದನ್ನು ಮೊದಲು ಓದಬೇಕು, ಓದುವಾಗ ಜೊತೆಗೆ ಏನು ಮಾಡಬೇಕು, ಯಾವ ಮಾತನ್ನು ಪರೀಕ್ಷಿಸಿ ನಂಬಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಎಲ್ಲದಕ್ಕೂ ಒಂದೇ ಷರತ್ತು: ಓದಿದ ದಿನ ಸ್ವಲ್ಪ ಹೊತ್ತಾದರೂ ಕಣ್ಣು ಮುಚ್ಚಿ ಕೂರಬೇಕು. ಈ ಗ್ರಂಥಗಳನ್ನು ಹೇಳಿದವರು ಕೂತವರು, ಕೇಳಿದವರೂ ಕೂರಲು ಬಂದವರು. ಕೂರದೆ ಓದಿದರೆ ಅರ್ಧ ಮಾತು ಕೈಗೆ ಸಿಗುವುದಿಲ್ಲ.

ಮೊದಲು ಪದವನ್ನು ಹಿಡಿಯಿರಿ

ಪುಸ್ತಕ ತೆರೆಯುವ ಮೊದಲು ನಾವು ದಿನಾ ಆಡುವ ಮಾತನ್ನೇ ನೋಡಿ. ಯೋಗಕ್ಷೇಮ, ಉದ್ಯೋಗ, ಪ್ರಯೋಗ, ವಿಯೋಗ, ಯೋಗ್ಯತೆ. 'ಅವನಿಗೆ ಆ ಯೋಗ ಇರಲಿಲ್ಲ ಬಿಡು' ಅಂತಲೂ ಅನ್ನುತ್ತೇವೆ. ಇವೆಲ್ಲದರ ಬೇರು ಒಂದೇ, 'ಯುಜ್' ಅನ್ನುವ ಸಂಸ್ಕೃತ ಧಾತು. ಕಟ್ಟು, ಜೋಡಿಸು, ಹೂಡು ಅಂತ ಅದರ ಅರ್ಥ. ನಾವು ಎತ್ತು ಹೂಡುವುದು, ಗಾಡಿ ಹೂಡುವುದು ಅನ್ನುತ್ತೇವಲ್ಲ, ಸರಿಯಾಗಿ ಅದೇ. ಸಂಸ್ಕೃತದಲ್ಲಿ ನೊಗಕ್ಕೆ 'ಯುಗ' ಅನ್ನುತ್ತಾರೆ, ಅದೂ ಇದೇ ಧಾತುವಿನಿಂದ ಬಂದದ್ದು.

ಋಗ್ವೇದದಲ್ಲಿ ರಥಕ್ಕೆ ಕುದುರೆ ಹೂಡುವ ಮಾತು ಮತ್ತೆ ಮತ್ತೆ ಬರುತ್ತದೆ. ಆದರೆ ಐದನೇ ಮಂಡಲದ 81ನೇ ಸೂಕ್ತ ಸೂರ್ಯದೇವತೆ ಸವಿತೃವಿನ ಸ್ತುತಿ. ಅದು ಶುರುವಾಗುವುದೇ 'ಯುಂಜತೇ ಮನ ಉತ ಯುಂಜತೇ ಧಿಯಃ' ಅಂತ. ಮನಸ್ಸನ್ನು ಹೂಡುತ್ತಾರೆ, ಬುದ್ಧಿಗಳನ್ನು ಹೂಡುತ್ತಾರೆ. ಇದನ್ನೇ ಪತಂಜಲಿಯ ಯೋಗ ಅಂತ ಹೇಳಲು ಬರುವುದಿಲ್ಲ. ಆದರೆ ಮನಸ್ಸು ಕುದುರೆಯ ಹಾಗೆ ಹೂಡಬೇಕಾದದ್ದು ಅನ್ನುವ ಹೊಳಹು ಅಷ್ಟು ಹಿಂದೆಯೇ ಇತ್ತು. ಅದೇ ವೇದದ ಹತ್ತನೇ ಮಂಡಲದಲ್ಲಿ ಉದ್ದ ಕೂದಲಿನ 'ಕೇಶೀ' ಎಂಬ ಮುನಿಯ ಸೂಕ್ತವೂ ಇದೆ (10.136). ಗಾಳಿಯನ್ನೇ ಉಟ್ಟ ಮುನಿಗಳ ಚಿತ್ರ ಅಲ್ಲಿ ಸಿಗುತ್ತದೆ.

ಇಲ್ಲಿ ಒಂದು ಗೊಂದಲ ಮೊದಲೇ ಬಗೆಹರಿಸಿಕೊಳ್ಳಿ. ಯೋಗ ಅಂದರೆ ಜೀವಾತ್ಮ ಪರಮಾತ್ಮನ ಜೊತೆ ಸೇರುವುದು ಅಂತ ಬಹಳ ಕಡೆ ಕೇಳಿರುತ್ತೀರಿ. ಅದಕ್ಕೆ ಪರಂಪರೆಯಲ್ಲಿ ಆಧಾರ ಇದೆ. ಆದರೆ ಪಾಣಿನೀಯ ಧಾತುಪಾಠದಲ್ಲಿ, ಅಂದರೆ ಸಂಸ್ಕೃತ ವ್ಯಾಕರಣದ ಧಾತುಗಳ ಪಟ್ಟಿಯಲ್ಲಿ, ಯುಜ್‌ಗೆ ಇನ್ನೊಂದು ಅರ್ಥವೂ ಇದೆ, 'ಸಮಾಧೌ', ಅಂದರೆ ಮನಸ್ಸು ಒಂದು ಕಡೆ ನೆಲೆ ನಿಲ್ಲುವುದು. ಯೋಗಸೂತ್ರಕ್ಕೆ ಭಾಷ್ಯ ಬರೆದ ವ್ಯಾಸರು ಮೊದಲ ಸೂತ್ರದಲ್ಲೇ 'ಯೋಗಃ ಸಮಾಧಿಃ' ಅಂದುಬಿಡುತ್ತಾರೆ. ಎರಡು ಅರ್ಥವೂ ಹಿಂದೂ ಪರಂಪರೆಯ ಒಳಗಿನವೇ. ಯಾವ ಗ್ರಂಥ ಯಾವ ಅರ್ಥದಲ್ಲಿ ಮಾತಾಡುತ್ತಿದೆ ಅಂತ ನೋಡಿಕೊಂಡು ಓದಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಓದು ಶುರುವಾಗಲಿ ಕಠೋಪನಿಷತ್ತಿನಿಂದ

ನನ್ನ ಸಲಹೆ ಇದೇ. ಚಿಕ್ಕ ಉಪನಿಷತ್ತು, ಎರಡು ಅಧ್ಯಾಯ, ಒಂದೊಂದರಲ್ಲಿ ಮೂರು ವಲ್ಲಿ, ಅಂದರೆ ಭಾಗ. ಕಥೆ ಇದೆ, ಹಾಗಾಗಿ ಎಳೆದುಕೊಂಡು ಹೋಗುತ್ತದೆ. ಇನ್ನು ಹಾಲು ಕೊಡಲಾರದ ಮುದಿ ಹಸುಗಳನ್ನು ದಾನ ಮಾಡುತ್ತಿರುವ ಅಪ್ಪನನ್ನು ನಚಿಕೇತ ಅನ್ನುವ ಹುಡುಗ ಕೇಳುತ್ತಾನೆ, 'ಅಪ್ಪಾ, ನನ್ನನ್ನು ಯಾರಿಗೆ ಕೊಡುತ್ತೀಯ?' ಅಂತ. ಮೂರು ಸಲ ಕೇಳಿದ್ದಕ್ಕೆ ಅಪ್ಪ ಸಿಟ್ಟಿಗೆದ್ದು 'ಯಮನಿಗೆ' ಅನ್ನುತ್ತಾನೆ. ಹುಡುಗ ಹೋಗಿಯೇ ಬಿಡುತ್ತಾನೆ. ಯಮ ಮನೆಯಲ್ಲಿಲ್ಲ. ಮೂರು ರಾತ್ರಿ ಊಟ ಇಲ್ಲದೆ ಕಾಯುತ್ತಾನೆ, ಅದಕ್ಕೆ ಮೂರು ವರ. ಮೂರನೆಯದಾಗಿ ಅವನು ಕೇಳುವುದು ಸಾವಿನ ಆಚೆ ಏನು ಅಂತ. ಯೋಗದ ಮಾತು ಹುಟ್ಟುವುದು ಆ ಪ್ರಶ್ನೆಗೆ ಉತ್ತರವಾಗಿ. ಬೆನ್ನುನೋವಿಗೆ ಔಷಧ ಕೇಳಿದವನಿಗೆ ಯಮ ಇದನ್ನು ಹೇಳಲಿಲ್ಲ ಅನ್ನುವುದು ನೆನಪಿರಲಿ.

ಮೊದಲ ಅಧ್ಯಾಯದ ಮೂರನೇ ವಲ್ಲಿಯಲ್ಲಿ ಆ ಪ್ರಸಿದ್ಧ ರಥ ಬರುತ್ತದೆ. ದೇಹ ರಥ. ಬುದ್ಧಿ ಸಾರಥಿ. ಮನಸ್ಸು ಲಗಾಮು. ಇಂದ್ರಿಯಗಳು ಕುದುರೆ. ಅವು ಓಡುವ ದಾರಿಯೇ ವಿಷಯಗಳು. ಒಳಗೆ ಸುಮ್ಮನೆ ಕೂತವನು ಆತ್ಮ, ರಥದ ಒಡೆಯ. ವೇದದ ಆ ಹೂಡುವ ಮಾತು ಇಲ್ಲಿ ಪೂರ್ತಿ ಒಳಕ್ಕೆ ಬಂದಿರುವುದು ನೋಡಿ. ಆಮೇಲೆ ಕೊನೆಯ ವಲ್ಲಿಯಲ್ಲಿ (2.3.11) ಯಮ ನೇರವಾಗಿ ಹೇಳುತ್ತಾನೆ: 'ತಾಂ ಯೋಗಮಿತಿ ಮನ್ಯಂತೇ ಸ್ಥಿರಾಮಿಂದ್ರಿಯಧಾರಣಾಮ್'. ಇಂದ್ರಿಯಗಳನ್ನು ಅಲುಗದಂತೆ ಹಿಡಿದು ನಿಲ್ಲಿಸುವುದನ್ನೇ ಯೋಗ ಅನ್ನುತ್ತಾರೆ. ಯೋಗ ಅಂದರೆ ಇದು ಅಂತ ಬಿಡಿಸಿ ಹೇಳುವ ತುಂಬ ಹಳೆಯ ಮಾತುಗಳಲ್ಲಿ ಇದೂ ಒಂದು.

ಇನ್ನೊಂದು ಸಂಗತಿ. ತರಗತಿಯಲ್ಲಿ ಹೇಳುವ 'ಸಹ ನಾವವತು' ಈ ಉಪನಿಷತ್ತಿನದೇ ಶಾಂತಿಮಂತ್ರ. 'ನಾವವತು' ಅಂದರೆ 'ನೌ ಅವತು'. ಆ 'ನೌ' ಇಬ್ಬರನ್ನು ಕುರಿತ ರೂಪ, ಗುರು ಮತ್ತು ಶಿಷ್ಯ. ನಮ್ಮಿಬ್ಬರನ್ನೂ ಕಾಪಾಡಲಿ, ನಾವಿಬ್ಬರೂ ಒಬ್ಬರನ್ನೊಬ್ಬರು ದ್ವೇಷಿಸದಿರೋಣ. ಇದು ತಿಳಿದ ಮಾರನೇ ದಿನ ಅದೇ ಮಂತ್ರ ಹೇಳುವಾಗ ನನಗೆ ಗಂಟಲು ಕಟ್ಟಿತ್ತು.

ಇದನ್ನು ಓದುವ ವಾರಗಳಲ್ಲಿ ಮಾಡಬೇಕಾದದ್ದು ಸಣ್ಣದು. ದಿನಕ್ಕೆ ಐದು ನಿಮಿಷ ಕೂತು ಯಾವ ಕುದುರೆ ಎಳೆಯುತ್ತಿದೆ ಅಂತ ಗಮನಿಸಿ. ಹೊರಗೆ ಬೈಕ್ ಸದ್ದಾಯಿತು, ಕಿವಿ ಓಡಿತು. ಒಗ್ಗರಣೆ ವಾಸನೆ ಬಂತು, ಮೂಗಿನ ಹಿಂದೆ ನಾಲಿಗೆಯೂ ಓಡಿತು. ಹಿಡಿಯಲು ಹೋಗಬೇಡಿ. ಸುಮ್ನೆ ಹೆಸರಿಟ್ಟು ನೋಡಿ, ಸಾಕು.

ಗೀತೆಯ ಆರನೇ ಅಧ್ಯಾಯ, ಮತ್ತು ಒಂದು ಜಾಗ

ಆಮೇಲೆ ಭಗವದ್ಗೀತೆ. ಪೂರ್ತಿ 700 ಶ್ಲೋಕ ಈಗಲೇ ಬೇಡ. ಆರನೇ ಅಧ್ಯಾಯದ 47 ಶ್ಲೋಕ ಮೊದಲು ಓದಿ. ಆದರೆ ಪ್ರತಿ ಅಧ್ಯಾಯದ ಕೊನೆಯ ಸಾಲಿನ ಮೇಲೆ ಒಮ್ಮೆ ಕಣ್ಣಾಡಿಸಿ. 'ಬ್ರಹ್ಮವಿದ್ಯಾಯಾಂ ಯೋಗಶಾಸ್ತ್ರೇ' ಅಂತ ಇರುತ್ತದೆ, ಹದಿನೆಂಟು ಅಧ್ಯಾಯಕ್ಕೂ ಒಂದೊಂದು ಯೋಗದ ಹೆಸರು. ಮೊದಲನೆಯದು ಅರ್ಜುನ ವಿಷಾದ ಯೋಗ. ಕೈಕಾಲು ನಡುಗಿ ಬಿಲ್ಲು ಜಾರಿ ಕುಸಿದು ಕೂತವನ ದುಃಖಕ್ಕೂ ಯೋಗ ಅಂತ ಹೆಸರು! ಇದಕ್ಕಿಂತ ದೊಡ್ಡ ಧೈರ್ಯ ಕೊಡುವ ಮಾತು ನನಗೆ ಬೇರೆ ಸಿಕ್ಕಿಲ್ಲ.

ಗೀತೆ ಯೋಗವನ್ನು ಕಾಡಿನಿಂದ ಮನೆಗೆ, ಕೆಲಸಕ್ಕೆ ತರುತ್ತದೆ. 'ಸಮತ್ವಂ ಯೋಗ ಉಚ್ಯತೇ', 'ಯೋಗಃ ಕರ್ಮಸು ಕೌಶಲಮ್', ಎರಡೂ ಎರಡನೇ ಅಧ್ಯಾಯದವು. ಕೂತು ಧ್ಯಾನ ಮಾಡುವುದು ಒಂದು ದಾರಿ, ಫಲದ ಹಂಬಲ ಬಿಟ್ಟು ಕೆಲಸ ಮಾಡುವುದು ಇನ್ನೊಂದು, ಭಕ್ತಿ ಮತ್ತೊಂದು. ಸಂಸಾರಸ್ಥರಿಗೆ ಇದು ದೊಡ್ಡ ಆಸರೆ.

ಆರನೇ ಅಧ್ಯಾಯದ ಹನ್ನೊಂದನೇ ಶ್ಲೋಕದ ಹತ್ತಿರ ಸ್ವಲ್ಪ ನಿಲ್ಲಿ. 'ಶುಚೌ ದೇಶೇ ಪ್ರತಿಷ್ಠಾಪ್ಯ ಸ್ಥಿರಮಾಸನಮಾತ್ಮನಃ'. ಚೊಕ್ಕಟವಾದ ಜಾಗದಲ್ಲಿ, ತುಂಬ ಎತ್ತರ ಅಲ್ಲದ, ತುಂಬ ತಗ್ಗೂ ಅಲ್ಲದ ಆಸನ ಹಾಕಿಕೋ. ದರ್ಭೆ, ಅದರ ಮೇಲೆ ಜಿಂಕೆ ಚರ್ಮ, ಅದರ ಮೇಲೆ ಬಟ್ಟೆ. ಇಲ್ಲಿ ಆಸನ ಅಂದರೆ ಭಂಗಿ ಅಲ್ಲವೇ ಅಲ್ಲ. ಕೂರುವ ಜಾಗ! ಕನ್ನಡದಲ್ಲಿ ನಾವು ಇವತ್ತಿಗೂ ಬಸ್ಸಿನ ಸೀಟಿಗೆ ಆಸನ ಅನ್ನುತ್ತೇವಲ್ವಾ, ಆ ಅರ್ಥ.

ಹಾಗಾಗಿ ಮನೆಯಲ್ಲಿ ಒಂದು ಜಾಗ ಮಾಡಿಕೊಳ್ಳಿ. ಜಿಂಕೆ ಚರ್ಮ ಖಂಡಿತ ಬೇಡ, ಈಗ ಅದು ಕಾನೂನಿಗೂ ವಿರುದ್ಧ. ಒಂದು ಚಾಪೆ, ಅದರ ಮೇಲೆ ನಾಲ್ಕು ಮಡಿಕೆ ಹಾಕಿದ ಕಂಬಳಿ ಸಾಕು. ಕಂಬಳಿಯ ಅಂಚಿನ ಮೇಲೆ ಕೂತರೆ ಸೊಂಟ ಒಂದು ಗೇಣಿಗಿಂತ ಕಮ್ಮಿ ಏರುತ್ತದೆ, ಮಂಡಿ ತಾನಾಗೇ ಕೆಳಗಿಳಿಯುತ್ತದೆ, ಬೆನ್ನು ಕಷ್ಟವಿಲ್ಲದೆ ನೆಟ್ಟಗಾಗುತ್ತದೆ. ಎದೆ, ಕತ್ತು, ತಲೆ ಮೂರೂ ನೇರ ಇರಲಿ ಅಂತ ಶ್ವೇತಾಶ್ವತರ ಉಪನಿಷತ್ತಿನ ಎರಡನೇ ಅಧ್ಯಾಯವೂ ಹೇಳುತ್ತದೆ. ಕಲ್ಲುಹರಳು, ಬೆಂಕಿ, ಮರಳು ಇಲ್ಲದ ಸಮನೆಲ ಹುಡುಕು ಅಂತ ಜಾಗದ ಲಕ್ಷಣವನ್ನೂ ಕೊಡುತ್ತದೆ. ದಿನಾ ಅದೇ ಮೂಲೆ, ಅದೇ ಹೊತ್ತು. ಹತ್ತು ನಿಮಿಷ.

ಮನಸ್ಸು ನಿಲ್ಲುವುದಿಲ್ಲ ಅಂತ ದೂರು ಬಂದೇ ಬರುತ್ತದೆ. ಅರ್ಜುನನೂ ಅದನ್ನೇ ಹೇಳಿದ, ಗಾಳಿಯನ್ನು ಹಿಡಿದ ಹಾಗೆ ಅಂತ (6.34). ಕೃಷ್ಣ ಹೌದು ಅಂತ ಒಪ್ಪಿಕೊಂಡೇ ಎರಡು ಉಪಾಯ ಹೇಳುತ್ತಾನೆ, ಅಭ್ಯಾಸ ಮತ್ತು ವೈರಾಗ್ಯ. ಈ ಜೋಡಿಯನ್ನು ಪುಸ್ತಕದ ಅಂಚಿನಲ್ಲಿ ಬರೆದಿಡಿ. ಪತಂಜಲಿಯ 1.12ನೇ ಸೂತ್ರದಲ್ಲಿ ಇದೇ ಎರಡು ಪದ ಹೀಗೇ ಜೊತೆಯಾಗಿ ಸಿಗುತ್ತವೆ.

ಈಗ ಯೋಗಸೂತ್ರ, ಆದರೆ ಎರಡನೇ ಪಾದದಿಂದ

ಯೋಗಸೂತ್ರಕ್ಕೆ ನಾಲ್ಕು ಪಾದ: ಸಮಾಧಿ, ಸಾಧನ, ವಿಭೂತಿ, ಕೈವಲ್ಯ. ಒಟ್ಟು 195 ಸೂತ್ರ, ಕೆಲವು ಪಾಠಗಳಲ್ಲಿ 196. ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಕೆಲವರು ಕ್ರಿಸ್ತಪೂರ್ವಕ್ಕೆ ಒಯ್ಯುತ್ತಾರೆ, ಕೆಲವರು ಕ್ರಿ.ಶ. 4-5ನೇ ಶತಮಾನಕ್ಕೆ ತರುತ್ತಾರೆ. ಪತಂಜಲಿ ಯೋಗವನ್ನು ತಾನೇ ಹುಟ್ಟುಹಾಕಿದೆ ಅನ್ನುವುದೂ ಇಲ್ಲ. 'ಅಥ ಯೋಗಾನುಶಾಸನಮ್', ಆ 'ಅನು' ನೋಡಿ. ಮೊದಲೇ ಇದ್ದದ್ದನ್ನು ಹಿಂಬಾಲಿಸಿ ಹೇಳುತ್ತಿದ್ದೇನೆ ಅಂತ ಪರಂಪರೆ ಅದಕ್ಕೆ ಅರ್ಥ ಮಾಡಿದೆ.

ಮೊದಲ ಪಾದದಿಂದ ನಾಲ್ಕೇ ನಾಲ್ಕು ಸೂತ್ರ ಈಗ ತೆಗೆದುಕೊಳ್ಳಿ, ಒಂದರಿಂದ ನಾಲ್ಕು. ಚಿತ್ತದ ಅಲೆಗಳು ತಣ್ಣಗಾಗುವುದೇ ಯೋಗ. ಆಗ ನೋಡುವವನು ತನ್ನ ಸ್ವರೂಪದಲ್ಲಿ ನಿಲ್ಲುತ್ತಾನೆ. ಉಳಿದ ಹೊತ್ತು ಅಲೆಗಳನ್ನೇ ತಾನು ಅಂದುಕೊಂಡಿರುತ್ತಾನೆ. ಈ 'ನೋಡುವವನು' ಸಾಂಖ್ಯದರ್ಶನದ (ಯೋಗಸೂತ್ರದ ಹಿಂದಿರುವ ತತ್ತ್ವಚಿಂತನೆಯ) ಪುರುಷ. ನೋಡಿಸಿಕೊಳ್ಳುವ ಎಲ್ಲವೂ, ಮನಸ್ಸು ಬುದ್ಧಿ ಕೂಡ, ಪ್ರಕೃತಿ. ಸಾಂಖ್ಯದ ಇಷ್ಟು ಲೆಕ್ಕ ಗೊತ್ತಿದ್ದರೆ ಸದ್ಯಕ್ಕೆ ಸಾಕು.

ಅಲ್ಲಿಂದ ಜಿಗಿದು 2.29ಕ್ಕೆ ಬನ್ನಿ. ಯಮ, ನಿಯಮ, ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣ, ಧ್ಯಾನ, ಸಮಾಧಿ. ಎಂಟು ಅಂಗ. ಆಸನ ಮೂರನೆಯದು, ಅದಕ್ಕಿಂತ ಮೊದಲು ಹತ್ತು ನಡತೆಗಳಿವೆ. ಅಹಿಂಸೆ, ಸತ್ಯ, ಕದಿಯದಿರುವುದು, ಬ್ರಹ್ಮಚರ್ಯ, ಕೂಡಿಹಾಕದಿರುವುದು, ಇವು ಯಮ. ಜೈನರ ಪಂಚವ್ರತಗಳೂ ಸರಿಯಾಗಿ ಇವೇ ಐದು. ಬೇರೆ ಬೇರೆ ದಾರಿಯ ಸಾಧಕರು ಒಂದೇ ನೆಲದಲ್ಲಿ ಒಬ್ಬರ ಮಾತು ಒಬ್ಬರು ಕೇಳಿಕೊಂಡು ಬೆಳೆದರು. ಅದನ್ನು ಒಪ್ಪಿಕೊಂಡರೆ ನಮ್ಮ ಪರಂಪರೆಗೆ ಏನೂ ಕಮ್ಮಿಯಾಗುವುದಿಲ್ಲ. ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ, ಇವು ನಿಯಮ. ವ್ಯಾಸಭಾಷ್ಯದ ಪ್ರಕಾರ ಸ್ವಾಧ್ಯಾಯ ಅಂದರೆ ಓಂಕಾರದಂಥ ಪವಿತ್ರ ಜಪ, ಇಲ್ಲವೇ ಮೋಕ್ಷಶಾಸ್ತ್ರದ ಓದು. ಅಂದರೆ ನೀವು ಈಗ ಮಾಡುತ್ತಿರುವ ಓದೂ ಯೋಗದ ಒಂದು ಅಂಗವೇ.

ಹತ್ತನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ಒಂದು ತಿಂಗಳಿಗೆ ಒಂದು. ನಾನು ಸತ್ಯದಿಂದ ಶುರು ಮಾಡಿದೆ. ಫೋನಿನಲ್ಲಿ 'ಇನ್ನೇನು ಹೊರಟೆ' ಅಂತ ಮನೆಯಲ್ಲೇ ಕೂತು ಹೇಳುತ್ತಿದ್ದ ಸಣ್ಣ ಸುಳ್ಳನ್ನು ಬಿಡಲು ಮೂರು ವಾರ ಬೇಕಾಯಿತು. ಬಾಯಿಂದ ಸುಳ್ಳು ಹೊರಡುವ ಮುಂಚಿನ ಆ ಅರೆಕ್ಷಣ ಕಾಣತೊಡಗಿದಾಗ, ಚಿತ್ತದ ಅಲೆ ಅಂದರೆ ಯಾವುದು ಅಂತ ಮೊದಲ ಸಲ ಗೊತ್ತಾಯಿತು. ಕೆಟ್ಟ ಯೋಚನೆ ಎದ್ದರೆ ಅದರ ಎದುರಿನದನ್ನು ಭಾವಿಸು ಅಂತ 2.33ನೇ ಸೂತ್ರ ಒಂದು ಉಪಾಯವನ್ನೂ ಕೊಡುತ್ತದೆ.

ಆಸನದ ಬಗ್ಗೆ ಪತಂಜಲಿ ಹೇಳುವುದು ಮೂರೇ ಸೂತ್ರ. ಮೊದಲನೆಯದು ಎಲ್ಲರಿಗೂ ಬಾಯಿಪಾಠ: 'ಸ್ಥಿರಸುಖಮಾಸನಮ್'. ಸ್ಥಿರವಾಗಿರಬೇಕು, ಸುಖವಾಗಿರಬೇಕು. ಬರೀ ಸ್ಥಿರ ಆದರೆ ಹಲ್ಲುಕಚ್ಚಿ ಕೂತ ಹಾಗೆ, ಬರೀ ಸುಖ ಆದರೆ ತೂಕಡಿಕೆ. ಎರಡನೆಯದು ಇನ್ನೂ ಚೆಂದ, ಯಾಕೋ ಯಾರೂ ಜಾಸ್ತಿ ಹೇಳುವುದಿಲ್ಲ: 'ಪ್ರಯತ್ನಶೈಥಿಲ್ಯಾನಂತಸಮಾಪತ್ತಿಭ್ಯಾಮ್'. ಪ್ರಯತ್ನವನ್ನು ಸಡಿಲ ಬಿಡು, ಅನಂತದಲ್ಲಿ ಮನಸ್ಸಿಡು. ಕೂತಾಗ ಇದನ್ನು ಮಾಡಿ ನೋಡಿ. ಹುಬ್ಬಿನ ನಡುವೆ ಒಂದು ಗಂಟು ಇರುತ್ತದೆ, ಅದನ್ನು ಬಿಡಿ. ದವಡೆ ಬಿಡಿ. ನಾಲಿಗೆಯ ಬುಡ ಬಿಡಿ. ಹೊಟ್ಟೆಯನ್ನು ಒಳಗೆಳೆದು ಹಿಡಿದಿರುತ್ತೀರಿ, ಅದನ್ನೂ ಬಿಡಿ. ಬೆನ್ನು ಮಾತ್ರ ನಿಂತಿರಲಿ. ಇಷ್ಟರಲ್ಲಿ ಉಸಿರು ತಾನಾಗಿ ಉದ್ದವಾಗಿರುತ್ತದೆ.

ಮಂಡಿ ನೋಯುವವರಿಗೆ ಒಂದು ಸಮಾಧಾನ. ವ್ಯಾಸಭಾಷ್ಯ ಕೊಡುವ ಆಸನಗಳ ಪಟ್ಟಿಯಲ್ಲಿ ಪದ್ಮಾಸನ, ವೀರಾಸನಗಳ ಜೊತೆ 'ಸೋಪಾಶ್ರಯ' ಅಂತಲೂ ಇದೆ, ಅಂದರೆ ಆಸರೆ ಇಟ್ಟುಕೊಂಡು ಕೂರುವುದು. ಹಂಪಿಯಲ್ಲಿ 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಕಡೆದ ದೊಡ್ಡ ನರಸಿಂಹನನ್ನು ನೋಡಿದ್ದೀರಲ್ಲ. ಎರಡು ಮಂಡಿಗಳ ನಡುವೆ ಅಡ್ಡಕ್ಕೆ ಒಂದು ಕಲ್ಲಿನ ಪಟ್ಟಿ ಇದೆ, ಅದೇ ಯೋಗಪಟ್ಟ. ಮಂಡಿಗಳನ್ನು ಸುತ್ತಿ ಹಿಡಿಯುವ ಬಟ್ಟೆಯ ಪಟ್ಟಿ. ದೇವರೇ ಪಟ್ಟಿ ಕಟ್ಟಿಕೊಂಡು ಕೂತಿರುವಾಗ ನಾವು ಗೋಡೆಗೆ ಒರಗಿ ಕೂರಲು ಸಂಕೋಚ ಬೇಡ.

ಹಾಗಾದರೆ ಇಷ್ಟೊಂದು ಆಸನ ಎಲ್ಲಿಂದ?

ಇದು ಹಠಯೋಗದ ಕೊಡುಗೆ. 15ನೇ ಶತಮಾನದ ಹೊತ್ತಿಗೆ ಸ್ವಾತ್ಮಾರಾಮ ಬರೆದ ಹಠಪ್ರದೀಪಿಕೆ ಆದಿನಾಥನಿಗೆ, ಅಂದರೆ ಶಿವನಿಗೆ, ನಮಸ್ಕಾರ ಹೇಳಿ ಶುರುವಾಗುತ್ತದೆ. ಮತ್ಸ್ಯೇಂದ್ರ, ಗೋರಕ್ಷ ಮುಂತಾದ ನಾಥಸಿದ್ಧರ ಹೆಸರು ಹೇಳುತ್ತದೆ. ಮಂಗಳೂರಿನ ಕದ್ರಿಯಲ್ಲಿ ಈ ನಾಥಪಂಥದ ಜೋಗಿ ಮಠ ಇವತ್ತಿಗೂ ಇದೆ. ಎರಡನೇ ಶ್ಲೋಕದಲ್ಲೇ ಸ್ವಾತ್ಮಾರಾಮ ಉದ್ದೇಶ ಹೇಳಿಬಿಡುತ್ತಾನೆ, 'ಕೇವಲಂ ರಾಜಯೋಗಾಯ', ರಾಜಯೋಗಕ್ಕಾಗಿ, ಅಂದರೆ ಸಮಾಧಿಯ ಯೋಗಕ್ಕಾಗಿ ಮಾತ್ರ ಈ ಹಠವಿದ್ಯೆ ಅಂತ. ಅಲ್ಲಿರುವ ಆಸನ 15. ಹಠಯೋಗದ ಇನ್ನೊಂದು ಗ್ರಂಥ ಘೇರಂಡ ಸಂಹಿತೆಯಲ್ಲಿ 32. ದೇಹವನ್ನು ಅಡ್ಡಿ ಅನ್ನುವ ಬದಲು ಏಣಿ ಮಾಡಿಕೊಂಡವರು ಇವರು.

ಈ ಘಟ್ಟದಲ್ಲಿ ಒಂದು ಎಚ್ಚರಿಕೆ. ಕುಂಭಕ (ಉಸಿರು ಕಟ್ಟುವುದು), ಬಂಧ, ಮುದ್ರೆ (ದೇಹದ ಭಾಗಗಳನ್ನು ಬಿಗಿದು ಪ್ರಾಣವನ್ನು ಹಿಡಿಯುವ ಕ್ರಮಗಳು) ಇವನ್ನು ಪುಸ್ತಕ ನೋಡಿ ಮಾಡಬೇಡಿ. ಸಿಂಹ, ಆನೆ, ಹುಲಿಯನ್ನು ಪಳಗಿಸುವ ಹಾಗೆ ಪ್ರಾಣವನ್ನು ಮೆಲ್ಲಮೆಲ್ಲನೆ ಪಳಗಿಸಬೇಕು, ಇಲ್ಲವಾದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಅಂತ ಹಠಪ್ರದೀಪಿಕೆಯೇ ಹೇಳುತ್ತದೆ. ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು, ಬಸುರಿಯರು ಉಸಿರು ಕಟ್ಟುವ ಅಭ್ಯಾಸದ ತಂಟೆಗೆ ಹೋಗದಿರುವುದೇ ಒಳ್ಳೆಯದು. ಬಲ್ಲವರ ಎದುರು ಕೂತು ಕಲಿಯುವ ವಿದ್ಯೆ ಇದು.

ಇನ್ನು ನಾವು ತರಗತಿಯಲ್ಲಿ ಮಾಡುವ ಎಷ್ಟೋ ನಿಂತ ಭಂಗಿಗಳು, ಒಂದರಿಂದ ಒಂದಕ್ಕೆ ಹರಿಯುವ ಸರಣಿಗಳು ಈ ಹಳೆಯ ಗ್ರಂಥಗಳಲ್ಲಿ ಸಿಗುವುದಿಲ್ಲ. ಸೂರ್ಯನ ಉಪಾಸನೆ ವೇದದಷ್ಟು ಹಳೆಯದು, ಸಂಧ್ಯಾವಂದನೆಯಲ್ಲಿ ಪ್ರಾಣಾಯಾಮವೂ ಇದೆ. ಆದರೆ ಈಗಿನ ಸೂರ್ಯನಮಸ್ಕಾರದ ವ್ಯಾಯಾಮವನ್ನು ಜನಪ್ರಿಯ ಮಾಡಿದವರು 1920ರ ದಶಕದಲ್ಲಿ ಔಂಧ್ ಸಂಸ್ಥಾನದ (ಈಗಿನ ಮಹಾರಾಷ್ಟ್ರದ್ದು) ರಾಜರು. ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಯೋಗಶಾಲೆಯಲ್ಲಿ ಕಲಿಸಿದರು. ಪಟ್ಟಾಭಿ ಜೋಯಿಸರೂ ಬಿ.ಕೆ.ಎಸ್. ಅಯ್ಯಂಗಾರರೂ ಅವರ ಶಿಷ್ಯರೇ. ಕೃಷ್ಣಮಾಚಾರ್ಯರ 'ಯೋಗ ಮಕರಂದ' 1934ರಲ್ಲಿ ಬಂತು, ಅದೂ ಕನ್ನಡದಲ್ಲಿ. ಜಗತ್ತು ಇಂಗ್ಲಿಷಿನಲ್ಲಿ ಹುಡುಕಿ ಓದುವ ಪುಸ್ತಕ ನಮ್ಮ ಭಾಷೆಯಲ್ಲಿ ಹುಟ್ಟಿದ್ದು. ಹೊಸದು ಅಂದ ಮಾತ್ರಕ್ಕೆ ಸುಳ್ಳಾಗುವುದಿಲ್ಲ, ಬೇರಿನಿಂದ ಕೊಂಬೆ ಬಂದಿದೆ ಅಷ್ಟೇ. ಆದರೆ ಕೊಂಬೆಯನ್ನೇ ಬೇರು ಅನ್ನಬಾರದು.

ಹಾಗೇ 'ಐದು ಸಾವಿರ ವರ್ಷದ ಯೋಗ' ಅಂತ ಸಿಂಧೂ ನಾಗರಿಕತೆಯ ಮೊಹೆಂಜೊದಾರೊದಲ್ಲಿ ಸಿಕ್ಕ ಮುದ್ರೆಯ (ಅಚ್ಚೊತ್ತುವ ಸಣ್ಣ ಕಲ್ಲಿನ) ಚಿತ್ರ ತೋರಿಸುವವರಿದ್ದಾರೆ. ಕಾಲು ಮಡಚಿ ಕೂತ ಆಕೃತಿ ಅದರಲ್ಲಿ ಇರುವುದು ನಿಜ. ಆದರೆ ಅದರ ಮೇಲಿನ ಲಿಪಿಯನ್ನು ಇನ್ನೂ ಒಪ್ಪುವ ಹಾಗೆ ಓದಲು ಆಗಿಲ್ಲ, ಕೂತವನು ಯಾರು ಅನ್ನುವುದು ಊಹೆ. ನಮ್ಮ ಕೈಯಲ್ಲಿ ಬಾಯಿಂದ ಬಾಯಿಗೆ ಸ್ವರ ತಪ್ಪದೆ ಬಂದ ವೇದ, ಉಪನಿಷತ್ತು ಇವೆ. ಗಟ್ಟಿ ಆಧಾರ ಇರುವಾಗ ಊಹೆಯ ಮೇಲೆ ಯಾಕೆ ನಿಲ್ಲಬೇಕು?

ಪುಸ್ತಕ ಕೊಳ್ಳುವಾಗ ಮೂಲ ಶ್ಲೋಕ, ಪದ ಬಿಡಿಸಿದ ಅರ್ಥ, ತಾತ್ಪರ್ಯ ಮೂರೂ ಇರುವುದನ್ನೇ ಆರಿಸಿ. ಬರೀ ತಾತ್ಪರ್ಯ ಇದ್ದರೆ ಬರೆದವರ ಅಭಿಪ್ರಾಯ ಯಾವುದು, ಮೂಲ ಯಾವುದು ಗೊತ್ತಾಗುವುದಿಲ್ಲ. ಗಟ್ಟಿಯಾಗಿ ಓದಿ. ಇವು ಕಿವಿಗಾಗಿ ಹುಟ್ಟಿದ ಮಾತುಗಳು.

ಇಷ್ಟಾಗಲು ಒಂದು ವರ್ಷ ಹಿಡಿದರೂ ಜಾಸ್ತಿ ಅಲ್ಲ. ಆಮೇಲೆ ನಾನು ಮುಚ್ಚಿಟ್ಟಿದ್ದ ಆ ಮೊದಲ ಪಾದವನ್ನು ತೆರೆಯಿರಿ. ಹದಿನೇಳನೇ ಸೂತ್ರ ಈಗಲೂ ಗಟ್ಟಿಯೇ. ಅಲ್ಲಿ ಗುದ್ದಾಡದೆ 23ಕ್ಕೆ ಬನ್ನಿ: 'ಈಶ್ವರಪ್ರಣಿಧಾನಾದ್ವಾ'. ಕೊನೆಯ 'ವಾ' ಅಂದರೆ 'ಅಥವಾ'. ಈಶ್ವರನಿಗೆ ತನ್ನನ್ನು ಒಪ್ಪಿಸುವುದರಿಂದಲೂ ಆಗುತ್ತದೆ, ಇದೂ ಒಂದು ದಾರಿ. ಅಲ್ಲಿಂದ ನಾಲ್ಕು ಸೂತ್ರ ಮುಂದೆ, ಅವನನ್ನು ಹೇಳುವ ಪದವೇ ಪ್ರಣವ, ಓಂ. ಅದರ ಮುಂದಿನದು, 'ತಜ್ಜಪಸ್ತದರ್ಥಭಾವನಮ್', ಅದನ್ನು ಜಪಿಸು, ಅದರ ಅರ್ಥವನ್ನು ಭಾವಿಸು. ತರಗತಿಯ ಕೊನೆಗೆ ಹೇಳುವ ಓಂ ಇಲ್ಲಿಯದು. ನಾನೀಗ ಇಲ್ಲೇ ಇದ್ದೇನೆ. ಬೆಳಿಗ್ಗೆ ಅದೇ ಮೂಲೆ, ಅದೇ ಕಂಬಳಿ, ಹದಿನೈದು ನಿಮಿಷ. ಮೊದಲು ದನಿ ತೆಗೆದು, ಆಮೇಲೆ ತುಟಿಯಲ್ಲಿ, ಆಮೇಲೆ ಮನಸ್ಸಿನಲ್ಲೇ.